ಮುಯ್ಯಿ ಡಬ್ಬಿಗೆ ಬಿದ್ದ ಬಿಲ್

ಬೆಳಗಿನ ಐದು ಗಂಟೆ ನಲವತ್ತು ನಿಮಿಷಕ್ಕೆ ದಾನೇಶ್ವರಿ ಮುದ್ದೇಬಿಹಾಳದ ತನ್ನ ಮನೆಯ ಅಡುಗೆ ಕಟ್ಟೆಯ ಮುಂದೆ ನಿಂತು, ರಾತ್ರಿ ಉಳಿದ ಅನ್ನದ ಅಗುಳನ್ನು ಬೆರಳಿನಿಂದ ಹಿಸುಕಿ ಒಂದು ಕವರಿನ ಬಾಯಿ ಅಂಟಿಸುತ್ತಿದ್ದಳು. ಕವರು ಕೆಂಪು ಬಣ್ಣದ್ದು. ಮೇಲೆ ಬಂಗಾರದ ಬಣ್ಣದ ಗಣಪತಿ, ಮೂಲೆಗೆ ಅಂಟಿಸಿದ ಒಂದು ರೂಪಾಯಿಯ ನಾಣ್ಯ. ಒಳಗಿದ್ದದ್ದು ಬಿಲ್.

ಚಹಾದ ಕಪ್ಪು ತಂದಿಟ್ಟ ತಾಯಿ ಸಾವಿತ್ರವ್ವ ಕವರನ್ನು ನೋಡಿದಳು, ಮಗಳನ್ನು ನೋಡಿದಳು.

“ನಮ್ಮ ಮಂದಿ ಮನಿಗೆ ಬಿಲ್ ತಗೊಂಡು ಹೋಗ್ತಾರೇನವ್ವಾ? ಕೊಟ್ಟಷ್ಟು ಇಸ್ಕೋಬೇಕು, ಉಡಿ ಒಡ್ಡಬೇಕು, ಸುಮ್ನ ಬರಬೇಕು.”

“ಕೊಟ್ಟಷ್ಟು ಅಂದ್ರ ಎಷ್ಟವ್ವಾ?”

ಮೂವತ್ತು ವರ್ಷ ದುಡಿದರೂ ಅದು ಎಷ್ಟೆಂದು ಸಾವಿತ್ರವ್ವನಿಗೂ ತಿಳಿದಿರಲಿಲ್ಲ. ಆಕೆ ಬಾಣಂತಿಯರಿಗೆ, ಕೂಸುಗಳಿಗೆ ಎಣ್ಣೆ ತಿಕ್ಕಿ ಎರೆಯುವಾಕೆ. ಮುದ್ದೇಬಿಹಾಳದಿಂದ ತಾಳಿಕೋಟೆಯವರೆಗೆ ಆಕೆ ಎರೆದ ಕೂಸುಗಳು ಈಗ ಮೀಸೆ ತಿರುವಿಕೊಂಡು ಬೈಕ್ ಓಡಿಸುತ್ತವೆ. ಎಷ್ಟು ಕೊಡಬೇಕೆಂದು ಯಾರಾದರೂ ಕೇಳಿದರೆ ಆಕೆ ಹೇಳುತ್ತಿದ್ದುದು ಒಂದೇ ಮಾತು: ನಿಮಗ ತಿಳಿದಷ್ಟು ಕೊಡ್ರಿ. ಜನರಿಗೆ ತಿಳಿಯುತ್ತಿದ್ದುದು ಸಾಮಾನ್ಯವಾಗಿ ಒಂದು ಸೇರು ಅಕ್ಕಿ, ತೆಂಗಿನಕಾಯಿ, ಒಂದು ಕುಪ್ಪಸದ ಖಣ, ಅದರ ಮಡಿಕೆಯಲ್ಲಿ ಒಂದು ನೋಟು. ಮನೆಯ ಟ್ರಂಕಿನಲ್ಲಿ ಎಂದೂ ಹೊಲಿಸದ ಖಣಗಳು ಅಟ್ಟಿ ಅಟ್ಟಿಯಾಗಿ ಬಿದ್ದಿದ್ದವು. ದಾನೇಶ್ವರಿ ಚಿಕ್ಕವಳಿದ್ದಾಗ ಅವುಗಳ ಬಣ್ಣ ನೋಡಿ ಖುಷಿಪಡುತ್ತಿದ್ದಳು. ದೊಡ್ಡವಳಾದ ಮೇಲೆ ಅವುಗಳಲ್ಲಿ ಶಾಲೆಯ ಫೀ ಎಷ್ಟು, ಕಿರಾಣಿ ಅಂಗಡಿಯ ಬಾಕಿ ಎಷ್ಟು ಎಂದು ಕಾಣತೊಡಗಿತು.

ಅವಳದ್ದೂ ಒಂದು ರೀತಿಯಲ್ಲಿ ತಾಯಿಯ ಕೆಲಸವೇ. ಪಿಯುಸಿ ಮುಗಿಸಿ ಚರ್ಮದ ಆರೈಕೆಯ ಡಿಪ್ಲೊಮಾ ಮಾಡಿದಳು. ವಿಜಯಪುರದ ಒಂದು ಪಾರ್ಲರಿನಲ್ಲಿ ಆರು ವರ್ಷ ದುಡಿದಳು. ಅಲ್ಲಿ ಕುರ್ಚಿ ಮಾಲೀಕಳದ್ದು, ಗಿರಾಕಿ ಮಾಲೀಕಳದ್ದು, ಕೈ ಮಾತ್ರ ಅವಳದ್ದು. ಎರಡು ವರ್ಷದ ಹಿಂದೆ ಆ ಕೈಯನ್ನು ತಗೊಂಡು ಊರಿಗೆ ಬಂದಳು. ಅಂಗಡಿ ಇಲ್ಲ, ಬೋರ್ಡು ಇಲ್ಲ. ಒಂದು ನೀಲಿ ಚೀಲ, ಅದರಲ್ಲಿ ತೊಳೆದು ಇಸ್ತ್ರಿ ಮಾಡಿದ ಟವೆಲ್ಲುಗಳು, ಬಾಟಲಿಗಳು, ಮಡಚುವ ಒಂದು ಕನ್ನಡಿ. ಸೋಮವಾರ ಸಿಂದಗಿ, ಬುಧವಾರ ಇಂಡಿ, ಶುಕ್ರವಾರ ಬಸವನ ಬಾಗೇವಾಡಿ, ಉಳಿದ ದಿನ ಮುದ್ದೇಬಿಹಾಳ. ಕರೆದವರ ಮನೆಗೇ ಹೋಗಿ ಫೇಶಿಯಲ್ ಮಾಡುವುದು, ಮೊಡವೆಯ ಮುಖಕ್ಕೆ ಆರೈಕೆ ಹೇಳುವುದು, ಬಿಸಿಲಿಗೆ ಸುಟ್ಟ ಚರ್ಮವನ್ನು ಸಮಾಧಾನಕ್ಕೆ ತರುವುದು.

ಮೊದಮೊದಲು ಅವಳ ಬಾಯಿಂದಲೂ ‘ತಿಳಿದಷ್ಟು ಕೊಡ್ರಿ’ ಎಂಬ ಮಾತೇ ಬಂತು. ಇಂಡಿಯ ಒಂದು ಮನೆಯಲ್ಲಿ ನಾಲ್ಕು ಸಲದ ಕೆಲಸಕ್ಕೆ ನೂರು ರೂಪಾಯಿ ಮತ್ತು ಒಂದು ಚೀಲ ಲಿಂಬೆಹಣ್ಣು ತಿಳಿಯಿತು. ಅವಳು ಆ ಮಾತನ್ನು ಬಿಟ್ಟಳು. ಫೋನಿನಲ್ಲಿ ಬಿಲ್ ಬರೆದು ಕಳಿಸತೊಡಗಿದಳು. ಒಬ್ಬರು ಬಿಲ್ಲಿಗೆ ಉತ್ತರವಾಗಿ ಕೈಮುಗಿದ ಚಿತ್ರ ಕಳಿಸಿದರು. ಇನ್ನೊಬ್ಬರು ಮರುದಿನ ಗುಲಾಬಿ ಹೂವಿನ ಕೆಳಗೆ ‘ಶುಭೋದಯ’ ಬರೆದು ಕಳಿಸಿದರು. ದುಡ್ಡು ಬಾರದೆ ಇದ್ದುದಕ್ಕಿಂತ, ಬಿಲ್ ಎಂಬುದನ್ನು ಅವರು ಬಿಲ್ ಎಂದೇ ತಿಳಿಯದೆ ಇದ್ದುದು ಅವಳನ್ನು ಯೋಚನೆಗೆ ಹಚ್ಚಿತು. ಕಾಗದ ಕೈಗೆ ಸಿಕ್ಕರೆ ಜನ ಅದನ್ನು ಕಾಗದದಂತೆ ನೋಡುತ್ತಾರೆ ಎಂದು ಲೆಕ್ಕ ಹಾಕಿದಳು.

ಈ ಸಲದ ಮನೆ ಸಾಮಾನ್ಯದ್ದಲ್ಲ. ಬಾಗೇವಾಡಿಯ ಚಂದಪ್ಪ ಎತ್ತಿನ ದಲಾಲಿ. ನಾಲ್ಕೂ ತಾಲೂಕಿನ ದನದ ಸಂತೆಯಲ್ಲಿ ಅವನ ಮಾತು ನಡೆಯುತ್ತದೆ. ದಾನೇಶ್ವರಿಯ ತೀರಿಹೋದ ತಂದೆಗೆ ದೂರದ ತಮ್ಮ, ಹಾಗಾಗಿ ಅವಳಿಗೆ ಕಾಕಾ. ಅವನ ಮಗಳು ಕೋಮಲಳನ್ನು ಇಂಡಿ ತಾಲೂಕಿನ ಹಲಸಂಗಿಗೆ ಕೊಡುತ್ತಿದ್ದರು. ಕೋಮಲಳ ಸೋದರಮಾವ ಸಿಂದಗಿಯವನು. ಅಂದರೆ ದಾನೇಶ್ವರಿ ಬಸ್ಸು ಹತ್ತಿ ಇಳಿಯುವ ಎಲ್ಲ ಊರಿನವರೂ ಒಂದೇ ಮಂಟಪದಲ್ಲಿ ಊಟಕ್ಕೆ ಕೂಡುವವರು. ಈ ಮನೆಯವರು ತಮಗೆ ತಿಳಿದಷ್ಟು ಕೊಟ್ಟರೆ ಮುಂದೆ ಎಲ್ಲ ಮನೆಯಲ್ಲೂ ತಿಳಿದಷ್ಟೇ. ಈ ಮನೆ ಬಿಲ್ ಕೊಟ್ಟರೆ ಮುಂದಿನ ಮನೆಗಳೂ ಬಿಲ್ ಕೊಡುತ್ತವೆ. ವಿಜಯಪುರದ ಮಾಲೀಕಳು ಮತ್ತೆ ಫೋನ್ ಮಾಡಿದ್ದಳು: ಕುರ್ಚಿ ಖಾಲಿ ಇದೆ, ಸಂಬಳ ಹೆಚ್ಚಿಸುತ್ತೇನೆ, ಸೋಮವಾರದೊಳಗೆ ಹೇಳು. ಬಾಗೇವಾಡಿಯ ಬಿಲ್ ಏನಾಯಿತು ಎಂದು ನೋಡಿಯೇ ಸೋಮವಾರ ಹೇಳುವುದೆಂದು ದಾನೇಶ್ವರಿ ತನ್ನೊಳಗೆ ತೀರ್ಮಾನಿಸಿಕೊಂಡಿದ್ದಳು.

ಬಿಲ್ಲನ್ನು ಟೈಪ್ ಮಾಡಿ ಕೊಟ್ಟವಳು ಬಸ್ ನಿಲ್ದಾಣದ ಎದುರಿನ ಝರಾಕ್ಸ್ ಅಂಗಡಿಯ ಫಿರದೋಸ. ಮೇಲೆ ದಾನೇಶ್ವರಿಯ ಹೆಸರು, ಊರು. ಕೆಳಗೆ ಕೆಲಸಗಳು: ಮೊದಲ ದಿನ ಚರ್ಮ ನೋಡಿದ್ದು, ಆರು ಸಲದ ಆರೈಕೆ, ಮನೆಯಲ್ಲಿ ಹಚ್ಚಿಕೊಳ್ಳಲು ಕೊಟ್ಟ ಸಾಮಾನು, ಪ್ರಯಾಣದ ವೇಳೆ, ಮದುವೆ ಬೆಳಗಿನ ತಯಾರಿ. ಕೊನೆಗೆ ಒಟ್ಟು. ತಳದಲ್ಲಿ ಫೋನಿನಿಂದ ದುಡ್ಡು ಕಳಿಸುವ ಸ್ಕ್ಯಾನರ್ ಚೌಕ ಹಾಕಿದ್ದು ಫಿರದೋಸಳ ಬುದ್ಧಿವಂತಿಕೆ. ಕವರ್ ಆರಿಸಿದ್ದು ಮಾತ್ರ ದಾನೇಶ್ವರಿಯೇ. ಅಂಗಡಿಯಲ್ಲಿ ಬಿಳಿ ಕವರುಗಳೂ ಇದ್ದವು. ಆದರೆ ಮದುವೆ ಮನೆಗೆ ಬೋಳು ಬಿಳಿ ಕವರ್ ಒಯ್ಯುವುದೆಂದರೆ ಹಣೆಗೆ ಕುಂಕುಮವಿಲ್ಲದೆ ಹೋದಂತೆ. ಅದಕ್ಕೆ ಕೆಂಪಿನದನ್ನು ತೆಗೆದುಕೊಂಡಳು.

ಕೋಮಲಳ ಮುಖವನ್ನು ಅವಳು ಆರೈಕೆಗೆಂದು ಮೊದಲು ನೋಡಿದ್ದು ಮಾರ್ಚ್ ತಿಂಗಳಲ್ಲಿ. ಮದುವೆ ನಿಶ್ಚಯವಾದೊಡನೆ ಹುಡುಗಿ ಯಾರದೋ ಮಾತು ಕೇಳಿ, ಹೆಸರಿಲ್ಲದ ಡಬ್ಬಿಯ ಕ್ರೀಮೊಂದನ್ನು ಹಚ್ಚಿಕೊಂಡಿದ್ದಳು. ಒಂದು ವಾರ ಹೊಳಪು ಬಂತಂತೆ. ಆಮೇಲೆ ಎರಡೂ ಕೆನ್ನೆ ಕೆಂಪಾಗಿ, ಸಿಪ್ಪೆ ಏಳುತ್ತ, ಒಲೆಯ ಮುಂದೆ ಕೂತರೆ ಕಣ್ಣಲ್ಲಿ ನೀರು ಬರುವಷ್ಟು ಉರಿ. ಅಜ್ಜಿ ಸಿದ್ದಲಿಂಗವ್ವ ಬಾಗಿಲಲ್ಲೇ ದಾನೇಶ್ವರಿಯನ್ನು ತಡೆದು ಕೇಳಿದಳು.

“ಬೆಳ್ಳಗ ಮಾಡ್ತೀ ಏನವ್ವಾ ನಮ್ಮ ಹುಡುಗೀನ?”

“ಬೆಳ್ಳಗ ಮಾಡೂದಿಲ್ಲ ಆಯಿ. ಮೊದಲ ಉರಿ ನಿಂದರ್ಲಿ.”

ಅಂದು ಅವಳು ಚೀಲ ಬಿಚ್ಚಲೇ ಇಲ್ಲ. ಕಿಟಕಿಯ ಬೆಳಕಿನಲ್ಲಿ ಕೋಮಲಳನ್ನು ಕೂರಿಸಿ ಮುಖವನ್ನೂ ಕತ್ತನ್ನೂ ನೋಡಿದಳು, ಏನೇನು ಹಚ್ಚಿದ್ದು, ಎಷ್ಟು ದಿನ ಹಚ್ಚಿದ್ದು ಎಂದು ಕೇಳಿ ತಿಳಿದಳು. ಇದು ತನ್ನ ಕೈಯ ಕೆಲಸವಲ್ಲ, ಮೊದಲು ಚರ್ಮದ ಡಾಕ್ಟರಿಗೆ ತೋರಿಸಬೇಕು, ಅವರು ಆಗಬಹುದು ಎಂದ ಮೇಲೆಯೇ ತಾನು ಮುಟ್ಟುವುದು ಎಂದು ಹೇಳಿದಳು. ಚಂದಪ್ಪನಿಗೆ ತನ್ನ ದರವನ್ನೂ ಆಗಲೇ ಹೇಳಿದಳು. ಅವನು ಅಂಗಳದಲ್ಲಿ ಎತ್ತಿನ ಹಲ್ಲು ನೋಡುತ್ತಿದ್ದವನು ತಲೆ ಎತ್ತದೆ, ಆತಾತು, ನೀ ಏನ್ ಹೊರಗಿನಾಕೇನು, ನೋಡೂಣು ಎಂದಿದ್ದ. ಅದು ಹೂಂ ಎಂದೂ ಆಗಬಹುದು, ಊಹೂಂ ಎಂದೂ ಆಗಬಹುದು. ದಲಾಲಿಗಳ ಮಾತು ಹೆಚ್ಚಾಗಿ ಹಾಗೆಯೇ ಇರುತ್ತದೆ.

ಡಾಕ್ಟರ ಔಷಧ ಮುಗಿದು ಅವರು ಹೂಂ ಎಂದ ಮೇಲೆ ಆರು ಶುಕ್ರವಾರ ದಾನೇಶ್ವರಿ ಬಾಗೇವಾಡಿಗೆ ಹೋದಳು. ಪ್ರತಿ ಹೊಸ ಸಾಮಾನನ್ನೂ ಮೊದಲು ಕಿವಿಯ ಹಿಂದೆ ಬೊಟ್ಟಿನಷ್ಟು ಹಚ್ಚಿ ಮರುದಿನ ಫೋನ್ ಮಾಡಿ ಕೇಳುತ್ತಿದ್ದಳು. ಅರಿಷಿಣದ ದಿನ ಹಸಿ ಅರಿಷಿಣವನ್ನು ಮುಖಕ್ಕೆ ಹಚ್ಚದೆ ಕೈಕಾಲಿಗಷ್ಟೇ ಹಚ್ಚಬೇಕೆಂದು ಸಿದ್ದಲಿಂಗವ್ವನನ್ನು ಒಪ್ಪಿಸಲು ಅರ್ಧ ತಾಸು ಹಿಡಿಯಿತು. ಕೊನೆಗೆ ಮುದುಕಿ, ಗಲ್ಲಕ್ಕೆ ಒಂದು ಚುಕ್ಕೆಯಾದರೂ ಇಡಬೇಕೆಂಬ ಷರತ್ತಿನ ಮೇಲೆ ಒಪ್ಪಿದಳು.

ಮದುವೆಯ ದಿನ ಬೆಳಿಗ್ಗೆ ಅನ್ನದ ಅಗುಳಿನಿಂದ ಅಂಟಿಸಿದ ಕವರನ್ನು ಚೀಲದೊಳಗಿಟ್ಟುಕೊಂಡು ದಾನೇಶ್ವರಿ ಮೊದಲ ಬಸ್ಸಿಗೆ ಬಾಗೇವಾಡಿಗೆ ಬಂದಳು. ಸಾವಿತ್ರವ್ವ ಅಕ್ಷತೆಯ ಹೊತ್ತಿಗೆ ಬರುವುದೆಂದಾಗಿತ್ತು. ಮಂಟಪದ ಹಿಂದಿನ ಕೋಣೆಯಲ್ಲಿ ಕೋಮಲ ಕಾಯುತ್ತಿದ್ದಳು. ದಾನೇಶ್ವರಿ ಅವಳ ಮುಖ ತೊಳೆಸಿ, ತಣ್ಣೀರ ಬಟ್ಟೆ ಒತ್ತಿ, ಮೇಕಪ್ಪಿನವಳು ಬರುವ ಮೊದಲು ಹಚ್ಚಬೇಕಾದುದನ್ನು ಹಚ್ಚಿದಳು. ಕೆಂಪು ಇರಲಿಲ್ಲ, ಸಿಪ್ಪೆ ಇರಲಿಲ್ಲ. ಹುಡುಗಿಯ ಕೆನ್ನೆ ಹುಟ್ಟಿದಾಗಿನಿಂದ ಯಾವ ಬಣ್ಣದ್ದಿತ್ತೋ ಅದೇ ಬಣ್ಣಕ್ಕೆ ತಿರುಗಿ ಬಂದಿತ್ತು, ಎಳೆ ಬೆಲ್ಲದ ಬಣ್ಣ. ಕೋಮಲ ಕನ್ನಡಿಯಲ್ಲಿ ಬಹಳ ಹೊತ್ತು ನೋಡಿಕೊಂಡು, ಉರೀ ಇಲ್ಲಕ್ಕಾ ಎಂದಷ್ಟೇ ಹೇಳಿದಳು.

ಅಲ್ಲಿಗೆ ಕೆಲಸ ಮುಗಿದಿತ್ತು. ಕೆಲಸ ಮುಗಿದ ದಿನವೇ ಬಿಲ್ ಕೊಡುವುದು ದಾನೇಶ್ವರಿಯ ನೇಮ. ಚಂದಪ್ಪನನ್ನು ಹುಡುಕಿದರೆ ಅವನು ಅಡುಗೆಯವರೊಂದಿಗೆ ಗೋಧಿ ಹುಗ್ಗಿಗೆ ಬೆಲ್ಲ ಕಡಿಮೆ ಬಿತ್ತೆಂದು ವಾದಕ್ಕೆ ನಿಂತಿದ್ದ. ಆ ಗದ್ದಲದಲ್ಲಿ ಬಿಲ್ ಕೊಟ್ಟರೆ ಅದು ಹುಗ್ಗಿಯ ಕೊಪ್ಪರಿಗೆಗೆ ಬೀಳುತ್ತದೆ. ಬಾಗಿಲಲ್ಲಿ ಕುಂಕುಮದ ತಟ್ಟೆ ಹಿಡಿದು ಕೂತಿದ್ದ ಸಿದ್ದಲಿಂಗವ್ವನ ಕೈಗೆ ಕವರ್ ಕೊಟ್ಟು, ಚಂದಪ್ಪ ಕಾಕಾನ ಕೈಯಾಗ ಕೊಡ್ರಿ ಆಯಿ ಎಂದು ಹೇಳಿ, ಹಗುರಾಗಿ ಕೈ ತೊಳೆಯಲು ಹೋದಳು.

ಸಿದ್ದಲಿಂಗವ್ವ ಹೆಬ್ಬೆರಳಿನಿಂದ ನಾಣ್ಯವನ್ನು ತಡವಿ ನೋಡಿದಳು. ಕವರನ್ನು ಕಣ್ಣಿಗೆ ಒತ್ತಿಕೊಂಡಳು. ಮದುವೆಯ ದಿನ, ಮದುವೆ ಮಂಟಪದಲ್ಲಿ, ರೂಪಾಯಿ ಹಚ್ಚಿದ ಕೆಂಪು ಕವರನ್ನು ಬಂಧುಗಳ ಹುಡುಗಿಯೊಬ್ಬಳು ಕೈಗಿಟ್ಟರೆ ಅದು ಏನೆಂದು ಎಂಬತ್ತು ವರ್ಷದ ಹೆಂಗಸಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದು ಮುಯ್ಯಿ. ಮುಯ್ಯಿ ಮನೆಯ ಯಜಮಾನನ ಜೇಬಿಗೆ ಹೋಗುವುದಿಲ್ಲ, ಡಬ್ಬಿಗೆ ಹೋಗುತ್ತದೆ. ಯಾರು ಎಷ್ಟು ಹಾಕಿದರು ಎಂಬುದು ಪಟ್ಟಿಗೆ ಏರುತ್ತದೆ. ಅವರ ಮನೆಯ ಕಾರ್ಯಕ್ಕೆ ಅದರ ಮೇಲೆ ಒಂದಿಷ್ಟು ಸೇರಿಸಿ ತಿರುಗಿಸಬೇಕಾಗುತ್ತದೆ. ಆಕೆ ಕವರನ್ನು ಸ್ಟೀಲ್ ಡಬ್ಬಿ ಕಾಯುತ್ತಿದ್ದ ಕಾಂತುವಿಗೆ ಕೊಟ್ಟಳು. ಕಾಂತು ಚಂದಪ್ಪನ ಜತೆ ಸಂತೆಯಲ್ಲಿ ದುಡಿಯುವ ಗಟ್ಟಿ ಆಳು. ಅವನು ಅದನ್ನು ಡಬ್ಬಿಯ ಬಾಯಿಗೆ ತುರುಕಿದ.

ಅಕ್ಷತೆ ಬಿತ್ತು. ಊಟದ ಮೊದಲ ಪಂಕ್ತಿ ಎದ್ದಿತು. ಬಸ್ಸಿಳಿದು ಬಂದ ಸಾವಿತ್ರವ್ವ ಹೆಂಗಸರ ಕಡೆ ಮಗಳ ಪಕ್ಕದಲ್ಲಿ ಕೂತಳು. ಬುದ್ಧ, ಬಸವ, ಅಂಬೇಡ್ಕರರ ಭಾವಚಿತ್ರಗಳನ್ನಿಟ್ಟ ವೇದಿಕೆಯ ಒಂದು ಬದಿಗೆ ಮೇಜು ಹಾಕಿ ಮುಯ್ಯಿ ಓದಲು ಶುರು ಮಾಡಿದರು. ಮೈಕ್ ಹಿಡಿದವನು ಕೋಮಲಳ ಸೋದರಮಾವ, ಸಿಂದಗಿಯ ಮುತ್ತುರಾಜ ಮಾಸ್ತರ. ಹಾಜರಿ ಕರೆದು ಕರೆದು ಪಳಗಿದ ಗಂಟಲು. ತನ್ನ ಮುಯ್ಯಿಯನ್ನೇ ಮೊದಲು ಓದಿದ: ಐದು ಸಾವಿರದ ಒಂದು. ಚಪ್ಪಾಳೆ ಬಿತ್ತು. ಆಮೇಲೆ ನೂರಾ ಒಂದು, ಐದುನೂರಾ ಒಂದು, ಇನ್ನೂರಾ ಒಂದು ಎಂದು ಹೆಸರು, ಊರು ಕೂಡಿಸಿ ಓದುತ್ತ ಹೋದ.

ಕವರ್ ಒಡೆದು ಪಟ್ಟಿ ಬರೆಯುವವನು ಕಾಂತು. ಈಗೀಗ ಕೆಲವರು ಮುಯ್ಯಿಯನ್ನು ಫೋನಿನಿಂದ ಕಳಿಸಿ, ಕಳಿಸಿದ್ದಕ್ಕೆ ಗುರುತಾಗಿ ಚೀಟಿಯನ್ನಷ್ಟೇ ಕವರಿನಲ್ಲಿ ಇಡುತ್ತಾರೆ. ಅಂಥವು ಅಂದು ಅವನಿಗೆ ಆಗಲೇ ಮೂರ್ನಾಲ್ಕು ಸಿಕ್ಕಿದ್ದವು. ಹಾಗಾಗಿ ಕೆಂಪು ಕವರಿನಿಂದ ನೋಟಿನ ಬದಲು ಕಾಗದ ಬಂದಾಗ ಅವನಿಗೆ ಆಶ್ಚರ್ಯವಾಗಲಿಲ್ಲ. ಮೇಲೆ ಹೆಸರಿತ್ತು, ಊರಿತ್ತು. ಕೆಳಗೆ ಸ್ಕ್ಯಾನರ್ ಚೌಕ, ಅದರ ಮೇಲೆ ದಪ್ಪ ಅಕ್ಷರದಲ್ಲಿ ಒಟ್ಟು. ಅವನಿಗೆ ಬೇಕಾದದ್ದು ಅಷ್ಟೇ. ಬರೆದು ಮುಂದೆ ಸರಿಸಿದ.

“ಮುದ್ದೇಬಿಹಾಳದ ದಾನೇಶ್ವರಿ,” ಎಂದ ಮುತ್ತುರಾಜ ಒಂದು ಕ್ಷಣ ನಿಂತ. ಪಟ್ಟಿಯನ್ನು ಕಣ್ಣಿನ ಹತ್ತಿರ ತಂದ. “ಎಂಟು ಸಾವಿರದ ನಾನೂರಾ ಐವತ್ತು.”

ಮಂಟಪದ ತುಂಬ ಚಪ್ಪಾಳೆ ಬಿತ್ತು, ಸೋದರಮಾವನಿಗೆ ಬಿದ್ದದ್ದಕ್ಕಿಂತ ಜೋರಾಗಿ. ಮುಂದಿನ ಸಾಲಿನ ಹೆಂಗಸರು ಕುರ್ಚಿಯ ಸಮೇತ ಹಿಂದಕ್ಕೆ ತಿರುಗಿದರು.

“ಮುಯ್ಯಿ ಅಂದಮ್ಯಾಲ ಕೊನಿಗೆ ಒಂದ್ ರೂಪಾಯಿ ಇರಬೇಕಲ್ಲ, ಐವತ್ತಕ್ಕ ಯಾಕ ನಿಂದ್ರಿಸ್ಯಾಳ?” ಎಂದು ಒಬ್ಬಾಕೆ ಕೇಳಿದಳು.

“ಆ ರೂಪಾಯಿ ಕವರಿಗೇ ಹಚ್ಚೇತಲ್ಲ,” ಎಂದಳು ಪಕ್ಕದವಳು.

“ಮುಖಾ ತಿಕ್ಕೂದ್ರಾಗ ಇಷ್ಟ್ ಗಳಿಕಿ ಐತಿ ಅಂದ್ರ ನಾಳಿಂದ ನಾನೂ ತಿಕ್ಕಾಕ ಹೋಗ್ತೇನಿ ನೋಡು.”

ದಾನೇಶ್ವರಿಗೆ ಏನಾಯಿತೆಂದು ತಿಳಿಯಲು ಬಹಳ ಹೊತ್ತು ಹಿಡಿಯಲಿಲ್ಲ. ಮೇಜಿನ ಮೇಲೆ ಬಾಯಿ ಹರಿದ ಕೆಂಪು ಕವರ್ ದೂರದಿಂದಲೇ ಕಂಡಿತು. ಅವಳು ಏಳುವ ಮೊದಲೇ ಸಾವಿತ್ರವ್ವ ಅವಳ ಮೊಣಕೈ ಹಿಡಿದಳು. ತಾಯಿಯ ಕಣ್ಣು ತುಂಬಿತ್ತು. ಬಿಲ್ ಅಂತ ಸುಳ್ಳ ಹೇಳಿದೇನು ನನಗ ಎಂದು ಪಿಸುಗುಟ್ಟಿದಳು. ಮನೆ ಮನೆಗೆ ಸೆರಗೊಡ್ಡಿ ಹೋದ ಹೆಂಗಸಿನ ಮಗಳು ತುಂಬಿದ ಮಂಟಪದಲ್ಲಿ ಎಲ್ಲರಿಗಿಂತ ದೊಡ್ಡ ಮುಯ್ಯಿ ಹಾಕಿದ್ದಳು. ಸಾವಿತ್ರವ್ವನ ಬೆನ್ನು ಅಷ್ಟು ನೆಟ್ಟಗೆ ನಿಂತದ್ದನ್ನು ದಾನೇಶ್ವರಿ ಹಿಂದೆಂದೂ ಕಂಡಿರಲಿಲ್ಲ.

ಅಷ್ಟರಲ್ಲಿ ವೇದಿಕೆಯಿಂದ ಕರೆ ಬಂತು. ಇಷ್ಟು ದೊಡ್ಡ ಮುಯ್ಯಿ ಹಾಕಿದಾಕೆಗೆ ಉಡಿ ತುಂಬಿ, ಶಾಲು ಹೊದಿಸಿ ಕಳಿಸಬೇಕೆಂದು ಸಿದ್ದಲಿಂಗವ್ವ ಹಟ ಹಿಡಿದಿದ್ದಳು. ದಾನೇಶ್ವರಿ ಎದ್ದು ನಡೆದಳು. ಕುರ್ಚಿಗಳ ನಡುವಿನ ಹಾದಿ ಉದ್ದವಿತ್ತು, ಯೋಚಿಸಲು ಸಾಕಾಗುವಷ್ಟಿತ್ತು.

ಸುಮ್ಮನಿದ್ದು, ಸಂಜೆ ಚಂದಪ್ಪನನ್ನು ಬದಿಗೆ ಕರೆದು ಹೇಳಬಹುದು. ಆದರೆ ಮೈಕಿನಲ್ಲಿ ಓದಿದ್ದು ಸಂಜೆಯೊಳಗೆ ನಾಲ್ಕು ತಾಲೂಕಿಗೆ ಹೋಗುತ್ತದೆ. ಬದಿಗೆ ಕರೆದು ಹೇಳಿದ್ದು ಆ ಬದಿಯಲ್ಲೇ ಉಳಿಯುತ್ತದೆ. ಮುಂದಿನ ಮದುವೆ ಮನೆಗಳು ಅವಳನ್ನು ಕರೆಯುತ್ತವೆ, ಸಂತೋಷದಿಂದ ಕರೆಯುತ್ತವೆ, ಮುಖದ ಕೆಲಸವನ್ನೂ ಮಾಡಿ ಮೇಲೆ ಮುಯ್ಯಿಯನ್ನೂ ಹಾಕುವ ಹುಡುಗಿಯೆಂದು. ಪಟ್ಟಿಯಲ್ಲಿ ಬಾರದ ದುಡ್ಡು ಬಂದಂತೆ ಉಳಿಯುತ್ತದೆ. ಸೋಮವಾರ ವಿಜಯಪುರಕ್ಕೆ ಫೋನ್ ಮಾಡಿ ಹೂಂ ಎನ್ನುವುದಷ್ಟೇ ಉಳಿಯುತ್ತದೆ. ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ತಾಯಿಯ ನೆಟ್ಟಗಾದ ಬೆನ್ನು ಇತ್ತು. ಅದಕ್ಕೆ ತೂಕದ ಕಲ್ಲು ಅವಳ ಹತ್ತಿರ ಇರಲಿಲ್ಲ. ಆದರೂ ಮೆಟ್ಟಿಲು ಹತ್ತುವ ಹೊತ್ತಿಗೆ ಅವಳ ಮನಸ್ಸು ಸ್ಥಿರವಾಗಿತ್ತು.

ಸಿದ್ದಲಿಂಗವ್ವ ಅಕ್ಕಿ, ಕಾಯಿ, ಹಸಿರು ಖಣ ಹಿಡಿದು ನಿಂತಿದ್ದಳು. ದಾನೇಶ್ವರಿ ಸೆರಗು ಒಡ್ಡಲಿಲ್ಲ. ಒಂದು ನಿಮಿಷ ತಡೆಯಿರಿ ಎಂದು ಆಕೆಯ ಕಾಲು ಮುಟ್ಟಿ, ಮುತ್ತುರಾಜನ ಕಡೆಗೆ ಕೈ ಚಾಚಿದಳು. ಧನ್ಯವಾದ ಹೇಳುತ್ತಾಳೆಂದು ಅವನು ಮೈಕ್ ಕೊಟ್ಟ.

“ಮಾಸ್ತರ ಮಾಮಾ ಓದಿದ ಅಂಕಿ ಖರೆ ಐತ್ರಿ,” ಎಂದಳು. ಅವಳ ದನಿ ಅವಳಿಗೇ ದೊಡ್ಡದಾಗಿ ಕೇಳಿಸಿತು. “ದಿಕ್ಕ ಮಾತ್ರ ತಪ್ಪೈತಿ. ಅದು ನಾ ಕೊಟ್ಟದ್ದಲ್ಲ, ನನಗ ಬರಬೇಕಾದದ್ದು. ಕೋಮಲನ ಮುಖದ ಕೆಲಸದ ಬಿಲ್ ಅದು.”

ಹಿಂದಿನಿಂದ ಯಾರೋ ಒಬ್ಬರು ನಕ್ಕರು. ಆಮೇಲೆ ಹಲಸಂಗಿಯ ಬೀಗರ ಸಾಲು ಪೂರ್ತಿ ನಕ್ಕಿತು. ಮುತ್ತುರಾಜ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಬಿಲ್ಲನ್ನು ಮೇಲಿನಿಂದ ಕೆಳಗೆ ಓದಿದ. ಮಾಸ್ತರನಾದ್ದರಿಂದ ತುಟಿ ಅಲುಗಿಸುತ್ತ ಮೊತ್ತವನ್ನೂ ಕೂಡಿಸಿದ. ಕೂಡಿಸಿದ್ದು ಬರೋಬ್ಬರಿ ಐತಿ ಎಂದು ಘೋಷಿಸಿದ. ತನ್ನ ಐದು ಸಾವಿರದ ಒಂದೇ ಇನ್ನೂ ದೊಡ್ಡ ಮುಯ್ಯಿ ಎಂಬುದು ಖಾತ್ರಿಯಾಗಿ ಅವನ ಮುಖ ಅರಳಿತ್ತು. ಕಾಂತು ಸಿದ್ದಲಿಂಗವ್ವನನ್ನು ನೋಡಿದ. ಸಿದ್ದಲಿಂಗವ್ವ ದಾನೇಶ್ವರಿಯನ್ನು ನೋಡಿದಳು.

“ರೂಪಾಯಿ ಹಚ್ಚಿದ ಕವರಿನ್ಯಾಗ ಬಿಲ್ ಹಾಕಿದ್ರ ನಾ ಏನ್ ತಿಳೀಲೇ ಹುಡುಗಿ?”

“ತಪ್ಪ ನಂದ ಆಯಿ. ಮದುವಿ ಮನಿಗೆ ಬಿಳೀ ಕವರ್ ತರಬಾರದಂತ ಇದನ್ನ ತಂದೆ.”

ಸಿದ್ದಲಿಂಗವ್ವ ಯೋಚಿಸಿದಳು. ಅದೂ ಖರೆ, ಬಿಳೀದು ತಂದಿದ್ದರೆ ಬಾಗಿಲಲ್ಲೇ ಬೈಯುತ್ತಿದ್ದೆ ಎಂದು ಒಪ್ಪಿಕೊಂಡಳು.

ಅಷ್ಟರಲ್ಲಿ ಚಂದಪ್ಪ ಅಡುಗೆ ಮನೆಯ ಕಡೆಯಿಂದ ಬೆವರು ಒರೆಸಿಕೊಳ್ಳುತ್ತ ವೇದಿಕೆ ಹತ್ತಿದ. ಮುತ್ತುರಾಜ ಬಿಲ್ಲನ್ನು ಅವನ ಕೈಗಿಟ್ಟ. ಬೀಗರು ನೋಡುತ್ತಿದ್ದರು, ಸಂತೆಯ ಗೆಳೆಯರು ನೋಡುತ್ತಿದ್ದರು. ಚಂದಪ್ಪ ಸಿಟ್ಟಾಗುವವನಲ್ಲ, ಎತ್ತಿನ ಸುಳಿ ಹುಡುಕುವವನ ಹಾಗೆ ಬಿಲ್ಲಿನಲ್ಲಿ ದೋಷ ಹುಡುಕಿದ.

“ಹೆಣ್ಮಕ್ಕಳಿಗೆ ಬಸ್ ಪುಕ್ಕಟೆ ಐತಲ್ಲವಾ. ಪ್ರಯಾಣ ಅಂತ ಯಾಕ ಹಾಕೀ?”

“ಟಿಕೆಟ್ ಪುಕ್ಕಟೆ ಐತಿ ಕಾಕಾ. ವ್ಯಾಳ್ಯಾ ಪುಕ್ಕಟೆ ಇಲ್ಲ.”

“ಮೊದಲನೇ ದಿನಾ ನೀ ಚೀಲಾನ ಬಿಚ್ಚಲಿಲ್ಲ. ಅದಕ್ಕೂ ನಾನೂರು?”

ಇದಕ್ಕೆ ದಾನೇಶ್ವರಿ ಬಾಯಿ ತೆರೆಯುವ ಮೊದಲೇ ಉತ್ತರ ಮದುಮಗಳ ಕುರ್ಚಿಯಿಂದ ಬಂತು. ಬಾಸಿಂಗದ ಕೆಳಗಿನಿಂದ ಕೋಮಲ ಮೆಲ್ಲಗೆ, ಆದರೆ ಮೈಕಿಗೂ ಕೇಳುವ ಹಾಗೆ ಹೇಳಿದಳು.

“ಅಪ್ಪಾ, ಅವತ್ತ ಅಕ್ಕ ಚೀಲ ಬಿಚ್ಚಿದ್ದಿಲ್ಲಂತನ ಇವತ್ತ ನಾ ಮಂದ್ಯಾಗ ಮುಖಾ ಎತ್ತಿ ಕುಂತೇನಿ.”

ಮದುಮಗ ತಲೆ ತಗ್ಗಿಸಿ ನಕ್ಕ. ಚಂದಪ್ಪ ಮಗಳ ಮುಖವನ್ನು ನೋಡಿದ. ಬೆಳಗಿನಿಂದ ಅದನ್ನು ನೋಡಲು ಅವನಿಗೆ ಬಿಡುವಾಗಿರಲಿಲ್ಲ. ಸ್ವಲ್ಪ ಹೊತ್ತು ನೋಡಿದ.

ಆಮೇಲೆ ಅವನು ಮಾಡಿದ್ದನ್ನು ಅಲ್ಲಿದ್ದ ಗಂಡಸರು ಇಂದಿಗೂ ಹೇಳುತ್ತಾರೆ. ಸಿದ್ದಲಿಂಗವ್ವ ಹೊದಿಸಲೆಂದು ತರಿಸಿದ್ದ ಶಾಲನ್ನು ಎತ್ತಿಕೊಂಡು, ತನ್ನ ಬಲಗೈ ಮೇಲೆ ಹರಡಿ, ಅದರ ಇನ್ನೊಂದು ತುದಿಯನ್ನು ದಾನೇಶ್ವರಿಯ ಕೈಯ ಮೇಲೆ ಹಾಕಿದ. ದನದ ಸಂತೆಯಲ್ಲಿ ಎತ್ತಿನ ಬೆಲೆಯನ್ನು ಯಾರೂ ಬಾಯಿಂದ ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಒಬ್ಬರ ಬೆರಳು ಒಬ್ಬರು ಹಿಡಿದು ಕೇಳುತ್ತಾರೆ, ಬೆರಳು ಹಿಡಿದೇ ಇಳಿಸುತ್ತಾರೆ, ಏರಿಸುತ್ತಾರೆ. ಸುತ್ತ ನೂರು ಜನ ನಿಂತರೂ ದರ ಆ ಎರಡು ಕೈಗಳಿಗಷ್ಟೇ ಗೊತ್ತು. ಚಂದಪ್ಪ ಅವಳ ನಾಲ್ಕೂ ಬೆರಳನ್ನು ಕೂಡಿಸಿ ಒಮ್ಮೆ ಅದುಮಿದ, ಇನ್ನೊಮ್ಮೆ ಅದುಮಿದ. ಎಂಟು. ನಾನೂರಾ ಐವತ್ತು ಬಿಡು, ಎಂಟಕ್ಕೆ ಮುಗಿಸು. ಮುಖದಲ್ಲಿ ಸಂತೆಯ ನಗೆಯಿತ್ತು.

ಅದು ಅವಮಾನವಾಗಿರಲಿಲ್ಲ. ನಾಲ್ಕು ತಾಲೂಕಿನ ಸಂತೆಗಳಲ್ಲಿ ಹೆಂಗಸಿನ ಕೈ ಎಂದೂ ಆ ಬಟ್ಟೆಯ ಕೆಳಗೆ ಹೋಗಿರಲಿಲ್ಲ. ಉಡಿ ಒಡ್ಡುವವಳಾಗಿ ಅಲ್ಲ, ಬೆಲೆ ಇರುವ ಕೆಲಸದವಳಾಗಿ ಅವನು ಅವಳನ್ನು ಎದುರಿಗೆ ನಿಲ್ಲಿಸಿಕೊಂಡಿದ್ದ. ಮುಂದಿನ ಸಾಲಿನ ಗಂಡಸರು ಕತ್ತು ಚಾಚಿದರು. ದಾನೇಶ್ವರಿಗೂ ಅದು ಅರ್ಥವಾಗಿತ್ತು. ಕೈ ತಕ್ಷಣ ಹಿಂದೆ ಬರಲಿಲ್ಲ. ಎಂಟಕ್ಕೆ ಒಪ್ಪಿದರೂ ಕಳೆದುಕೊಳ್ಳುವುದು ಬಹಳವೇನಲ್ಲ. ಆದರೆ ಬಟ್ಟೆಯ ಕೆಳಗೆ ಮುಗಿದದ್ದು ಬಟ್ಟೆಯ ಕೆಳಗೇ ಇರುತ್ತದೆ. ಮುಂದಿನ ಮನೆಯವರು ಮತ್ತೆ ಮೊದಲಿನಿಂದ ಕೇಳುತ್ತಾರೆ, ಎಷ್ಟಕ್ಕೆ ಮುಗಿಯಿತಂತೆ ಎಂದು, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಚಂದಪ್ಪ ದುಡ್ಡು ಕೊಟ್ಟ. ಮಗಳನ್ನು ಹಲಸಂಗಿಯ ಗಾಡಿಗೆ ಹತ್ತಿಸುವ ಮೊದಲು ಫೋನ್ ತೆಗೆದು ಚೌಕಕ್ಕೆ ಹಿಡಿದು ಪೂರ್ತಿ ಕೊಟ್ಟ. ಪಾವತಿ ಕೊಡವ್ವಾ, ಪಾವತಿ ಇಲ್ಲದ ರೊಕ್ಕ ಕೊಟ್ಟಂಗಲ್ಲ ಎಂದು ರಸೀದಿ ಬರೆಸಿಕೊಂಡೂ ಹೋದ. ದಾನೇಶ್ವರಿ ಆಮೇಲೆ ಹಾಕಿದ ನಿಜವಾದ ಮುಯ್ಯಿ ಐದುನೂರಾ ಒಂದನ್ನು ಮುತ್ತುರಾಜ ಮೈಕಿನಲ್ಲಿ ಓದಿದ, ಉಡಿಯೂ ತುಂಬಿತು. ಸೋಮವಾರ ಅವಳು ವಿಜಯಪುರದ ಕುರ್ಚಿ ಬೇಡವೆಂದಳು. ಸಿಂದಗಿಯಿಂದ ಫೋನ್ ಮಾಡಿದ ಒಂದು ಮನೆಯವರು ತಾರೀಖಿಗಿಂತ ಮೊದಲು ದರ ಕೇಳಿದರು. ಸಾವಿತ್ರವ್ವ ಅಂದು ತಿರುಗಿ ಬರುವ ಬಸ್ಸಿನಲ್ಲಿ ಕಿಟಕಿಯಾಚೆ ನೋಡುತ್ತಲೇ, ತಾಳಿಕೋಟೆಯಲ್ಲಿ ಬರುವ ವಾರದಿಂದ ಒಂದು ಕೂಸಿಗೆ ಎರೆಯುವುದಿದೆ, ದಿನಕ್ಕೆ ಎಷ್ಟು ಹೇಳಲಿ ಎಂದು ಕೇಳಿದಳು.

ಅವೆಲ್ಲ ಆಮೇಲಿನವು. ಅಂದು ವೇದಿಕೆಯ ಮೇಲೆ, ಶಾಲಿನ ಕೆಳಗಿನ ಕೈ ಬೆಚ್ಚಗಿದ್ದಾಗಲೇ, ದಾನೇಶ್ವರಿ ಮಾಡಿದ್ದು ಇಷ್ಟು. ಕಾಕಾನ ಬೆರಳುಗಳನ್ನು ಒಮ್ಮೆ ಮೆತ್ತಗೆ ಹಿಡಿದು ಬಿಟ್ಟಳು. ಕೈಯನ್ನು ಶಾಲಿನಿಂದ ಹೊರಗೆ ತೆಗೆದಳು. ಶಾಲನ್ನು ನೀಟಾಗಿ ಮಡಚಿ ಸಿದ್ದಲಿಂಗವ್ವನ ಕೈಗೆ ಕೊಟ್ಟಳು. ಮೈಕನ್ನು ಬಾಯಿಯ ಹತ್ತಿರ ತಂದು, ಕೊನೆಯ ಕುರ್ಚಿಯಲ್ಲಿ ಕೂತವರಿಗೂ ತಿಳಿಯುವಂತೆ, ಅವಸರವಿಲ್ಲದೆ ಹೇಳಿದಳು:

“ಎಂಟು ಸಾವಿರದ ನಾನೂರಾ ಐವತ್ತು.”